ಇಷ್ಟು ದೊಡ್ಡ ಊರಲ್ಲಿ ನಮ್ಮವರು ಅಂತ ಯಾರೂ ಇಲ್ಲ ಅನ್ನುವವರಿಗೆ: ಕೂಟಗಳಲ್ಲಿ ಜನ ಸಿಗುವ ದಾರಿ

ಬೆಂಗಳೂರಿಗೆ ಬಂದು ವರ್ಷಗಳೇ ಆಗಿವೆ. ಆದರೂ ಆಫೀಸಿನವರು, ಮನೆ ಮಾಲೀಕರು, ಕಾಲೇಜಿನ ನಾಲ್ಕು ಗೆಳೆಯರು ಬಿಟ್ಟರೆ ಬೇರೆ ಯಾರೂ ಗೊತ್ತಿಲ್ಲ. ಹೀಗೆ ಹೇಳುವವರು ನನಗೆ ತುಂಬಾ ಜನ ಸಿಗುತ್ತಾರೆ. ಊರಲ್ಲಿ ಇದಕ್ಕೆ ಅಂತ ಏನೂ ಮಾಡಬೇಕಿರಲಿಲ್ಲ. ಜಾತ್ರೆ, ಬಯಲಾಟ, ಸಪ್ತಾಹ, ಗಣಪತಿ ಪೆಂಡಾಲು, ಕಂಪನಿ ನಾಟಕ, ಏನಾದರೊಂದು ನೆಪದಲ್ಲಿ ಎಲ್ಲರೂ ಒಂದೇ ಕಡೆ ಸೇರುತ್ತಿದ್ದರು. ನೀವು ಯಾರ ಮನೆಯವರು ಅಂತ ಯಾರಿಗೂ ಹೇಳಬೇಕಿರಲಿಲ್ಲ. ನಗರದಲ್ಲಿ ಇದನ್ನೆಲ್ಲ ನಾವೇ ಕೈಯಾರೆ ಕಟ್ಟಿಕೊಳ್ಳಬೇಕು. ಕಟ್ಟಿಕೊಳ್ಳಬಹುದು ಕೂಡ. ಅದಕ್ಕೆ ಬೇಕಾದದ್ದೆಲ್ಲ ಈ ಊರಲ್ಲೇ ಇದೆ, ಹೆಚ್ಚಿನದು ಪುಕ್ಕಟೆಯಾಗಿಯೂ ಇದೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ, ಮುಂದಿನದೆಲ್ಲ ಅದರ ಮೇಲೇ ನಿಂತಿದೆ. ನಾಟಕವೋ ಸಂಗೀತವೋ ತಾಳಮದ್ದಳೆಯೋ ನಡೆಯುವ ಎರಡು ಗಂಟೆಯಲ್ಲಿ ಯಾರ ಪರಿಚಯವೂ ಆಗುವುದಿಲ್ಲ. ಆಗ ಎಲ್ಲರ ಕಣ್ಣೂ ವೇದಿಕೆಯ ಮೇಲಿರುತ್ತದೆ, ಇರಲೂಬೇಕು. ಪರಿಚಯ ಆಗುವುದು ಶುರುವಾಗುವ ಮುಂಚಿನ ಅರ್ಧ ಗಂಟೆ ಮತ್ತು ಮಂಗಳ ಹಾಡಿದ ಮೇಲಿನ ಅರ್ಧ ಗಂಟೆಯಲ್ಲಿ. ಸರಿಯಾದ ಸಮಯಕ್ಕೆ ಓಡಿ ಬಂದು, ಮುಗಿದ ತಕ್ಷಣ ಕ್ಯಾಬ್ ಹಿಡಿದು ಹೋಗುವವರು ಹತ್ತು ವರ್ಷ ಬಂದರೂ ಪ್ರೇಕ್ಷಕರಾಗಿಯೇ ಉಳಿಯುತ್ತಾರೆ.

ಒಂದೇ ಒಂದು ಕೂಟ ಆರಿಸಿಕೊಳ್ಳಿ

ಹೆಚ್ಚಿನವರು ಈ ವಾರ ನಾಟಕ, ಮುಂದಿನ ವಾರ ಚಿತ್ರಸಂತೆ, ಆಮೇಲೆ ಎಲ್ಲೋ ಸಾಹಿತ್ಯ ಉತ್ಸವ ಅಂತ ಸುತ್ತುತ್ತಾರೆ. ನೋಡಲು ಒಳ್ಳೆಯದೇ, ಬೇಡ ಅನ್ನುವುದಿಲ್ಲ. ಆದರೆ ಜನ ಬೇಕು ಅಂದರೆ ಹೀಗೆ ಸುತ್ತಿದರೆ ಆಗುವುದಿಲ್ಲ. ಬಸವನಗುಡಿಯ ಕಡಲೆಕಾಯಿ ಪರಿಷೆಗೆ ಎಷ್ಟು ಜನ ಬರುತ್ತಾರೆ ಅಂತ ನಿಮಗೇ ಗೊತ್ತು. ಕಾರ್ತಿಕ ಮಾಸದ ಕೊನೆಯ ಸೋಮವಾರ ಬುಲ್ ಟೆಂಪಲ್ ರಸ್ತೆಯಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಅಲ್ಲಿ ಸಂತೋಷ ಸಿಗುತ್ತದೆ, ಕಡಲೆಕಾಯಿ ಸಿಗುತ್ತದೆ, ಪಕ್ಕದಲ್ಲಿ ನಡೆದವರ ಮುಖ ಮಾತ್ರ ಮತ್ತೆ ಕಾಣಿಸುವುದಿಲ್ಲ.

ಹುಡುಕಬೇಕಾದದ್ದು ಪದೇ ಪದೇ ನಡೆಯುವ, ಸಣ್ಣ, ಒಂದೇ ಜಾಗದ ಕೂಟ. ವಾರಕ್ಕೊಮ್ಮೆ ನಡೆದರೆ ತುಂಬಾ ಒಳ್ಳೆಯದು, ತಿಂಗಳಿಗೊಮ್ಮೆ ಆದರೂ ಸಾಕು. ಐವತ್ತು ಅರವತ್ತು ಜನ ಸೇರುವ ಜಾಗ ಆದರೆ ಎರಡನೇ ಸಲ ಹೋದಾಗಲೇ ಒಂದೆರಡು ಮುಖ ಗುರುತು ಸಿಗುತ್ತವೆ. ಮನೆಯಿಂದ ಅಲ್ಲಿಗೆ ಹೋಗಲು ಎಷ್ಟು ಹೊತ್ತು ಬೇಕು ಅಂತ ನೋಡಿ. ಬೆಂಗಳೂರಲ್ಲಿ ಅಭಿರುಚಿಗಿಂತ ದೂರ ಮುಖ್ಯ. ವೈಟ್‌ಫೀಲ್ಡಿನಲ್ಲಿ ಇರುವವರು ಪ್ರತಿ ವಾರ ಮಲ್ಲೇಶ್ವರಕ್ಕೆ ಬರುತ್ತೇನೆ ಅಂತ ಉತ್ಸಾಹದಲ್ಲಿ ಹೊರಡುತ್ತಾರೆ, ಒಂದು ತಿಂಗಳಲ್ಲಿ ಟ್ರಾಫಿಕ್ಕಿಗೆ ಸೋತು ಮನೆಯಲ್ಲೇ ಕೂರುತ್ತಾರೆ. ನಿಮಗೆ ತುಂಬಾ ಇಷ್ಟದ ಕೂಟ ಒಂದೂವರೆ ಗಂಟೆ ದೂರದಲ್ಲಿದ್ದು, ಸುಮಾರಾಗಿ ಇಷ್ಟವಾಗುವುದು ಇಪ್ಪತ್ತು ನಿಮಿಷದ ನಡಿಗೆಯಲ್ಲಿದ್ದರೆ, ಯೋಚನೆ ಮಾಡದೆ ಹತ್ತಿರದ್ದನ್ನೇ ಆರಿಸಿ.

ಎಲ್ಲಿ ಹುಡುಕುವುದು? ಕನ್ನಡ ಪತ್ರಿಕೆಗಳ ನಗರ ಪುಟದಲ್ಲಿ ಆಯಾ ದಿನದ ಕಾರ್ಯಕ್ರಮಗಳ ಪಟ್ಟಿ ಸಣ್ಣ ಅಕ್ಷರದಲ್ಲಿ ಬರುತ್ತದೆ. ಇದರಷ್ಟು ಉಪಯೋಗದ ಜಾಗ ಇನ್ನೊಂದಿಲ್ಲ. ಇನ್ಸ್ಟಾಗ್ರಾಮಿನಲ್ಲಿ ಕಾಣಿಸುವುದು ಟಿಕೆಟ್ ಇರುವ, ಪ್ರಚಾರಕ್ಕೆ ದುಡ್ಡಿರುವ ಕಾರ್ಯಕ್ರಮಗಳು. ನಿಮಗೆ ಬೇಕಾದದ್ದು ದೇವಸ್ಥಾನದ ನೋಟಿಸ್ ಬೋರ್ಡಿನಲ್ಲಿ, ಬಡಾವಣೆಯ ಗ್ರಂಥಾಲಯದ ಗೋಡೆಯ ಮೇಲೆ, ದರ್ಶಿನಿ ಹೋಟೆಲಿನ ಕ್ಯಾಶ್ ಕೌಂಟರಿನ ಪಕ್ಕ ಅಂಟಿಸಿದ ಕರಪತ್ರದಲ್ಲಿ ಇರುತ್ತದೆ. ಬಸವನಗುಡಿ ಕಡೆ ಇರುವವರಿಗೆ ವರ್ಲ್ಡ್ ಕಲ್ಚರ್ ಸಂಸ್ಥೆ ಇದೆ. 1945ರಿಂದ ಅಲ್ಲಿ ಉಪನ್ಯಾಸ, ಸಂಗೀತ ನಡೆಯುತ್ತ ಬಂದಿವೆ. ನ್ಯಾಷನಲ್ ಕಾಲೇಜು ಮೆಟ್ರೊ ನಿಲ್ದಾಣದಲ್ಲಿ ಇಳಿದರೆ ನಡೆದೇ ಹೋಗಬಹುದು. ಅದೇ ವರ್ಷ ಡಿ.ವಿ. ಗುಂಡಪ್ಪನವರು ಕಟ್ಟಿದ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆ ಎನ್.ಆರ್. ಕಾಲೋನಿಯಲ್ಲಿದೆ. ಈ ಎರಡೂ ಕಡೆ ದಶಕಗಳಿಂದ ಬರುತ್ತಿರುವ ಹಿರಿಯರು ಸಿಗುತ್ತಾರೆ, ಹೊಸ ಮುಖ ಕಂಡರೆ ಅವರಿಗೇ ಖುಷಿ.

ನಿಮ್ಮ ಸ್ವಭಾವಕ್ಕೆ ಯಾವುದು ಹೊಂದುತ್ತದೆ

ಮಾತಾಡಲು ಸಂಕೋಚ ಜಾಸ್ತಿ ಅನ್ನುವವರು ಶನಿವಾರ ಬೆಳಿಗ್ಗೆ ಕಬ್ಬನ್ ಪಾರ್ಕಿಗೆ ಹೋಗಿ. ಕಬ್ಬನ್ ರೀಡ್ಸ್ ಅಂತ ಒಂದು ಕೂಟ ಕೆಲವು ವರ್ಷಗಳಿಂದ ನಡೆಯುತ್ತಿದೆ. ಒಂದು ಚಾಪೆ, ಒಂದು ಪುಸ್ತಕ ತಂದು ಮರದ ಕೆಳಗೆ ಕೂತು ಓದುವುದು, ಅಷ್ಟೇ. ಯಾರೂ ಯಾರನ್ನೂ ಮಾತಾಡಿಸಬೇಕಿಲ್ಲ. ಆದರೂ ಪಕ್ಕದ ಚಾಪೆಯವರ ಪುಸ್ತಕದ ಹೆಸರನ್ನು ಕದ್ದು ನೋಡದೇ ಇರಲು ಆಗುವುದಿಲ್ಲ, ಅಲ್ವಾ? ಮಾತು ಅಲ್ಲಿಂದ ಹುಟ್ಟುತ್ತದೆ. ಕನ್ನಡ ಪುಸ್ತಕ ಹಿಡಿದು ಕೂತರೆ ಕನ್ನಡ ಓದುವವರು ತಾವಾಗಿಯೇ ಬಂದು ಮಾತಾಡಿಸುತ್ತಾರೆ.

ನಾಟಕ ಇಷ್ಟ ಇರುವವರಿಗೆ ಜೆ.ಪಿ. ನಗರದ ರಂಗಶಂಕರ. ಶಂಕರ್ ನಾಗ್ ನೆನಪಿನಲ್ಲಿ ಅರುಂಧತಿ ನಾಗ್ ಕಟ್ಟಿಸಿದ್ದು, 2004ರಲ್ಲಿ ಶುರುವಾಯಿತು. ಅಲ್ಲಿನ ಶಿಸ್ತು ಎಲ್ಲರಿಗೂ ಗೊತ್ತು, ನಾಟಕ ಶುರುವಾದ ಮೇಲೆ ಯಾರನ್ನೂ ಒಳಗೆ ಬಿಡುವುದಿಲ್ಲ. ಕೆಲವರಿಗೆ ಇದು ಕಿರಿಕಿರಿ ಅನ್ನಿಸುತ್ತದೆ. ನನಗೆ ಇದೇ ಆ ಜಾಗದ ದೊಡ್ಡ ಗುಣ. ಬಾಗಿಲು ಮುಚ್ಚಿಬಿಡುತ್ತಾರೆ ಅನ್ನುವ ಭಯಕ್ಕೆ ಎಲ್ಲರೂ ಬೇಗ ಬರುತ್ತಾರೆ, ಬೇಗ ಬಂದವರು ಕೆಫೆಯಲ್ಲಿ ಕಾಫಿ ಹಿಡಿದು ಮೆಟ್ಟಿಲ ಮೇಲೆ ಕೂರುತ್ತಾರೆ. ನಾನು ಹೇಳಿದ ಆ ಮುಂಚಿನ ಅರ್ಧ ಗಂಟೆ ಅಲ್ಲಿ ತಾನಾಗಿಯೇ ಸಿಕ್ಕಿಬಿಡುತ್ತದೆ. ಒಬ್ಬರೇ ಬಂದವರು ಅಲ್ಲಿ ತುಂಬಾ ಜನ ಇರುತ್ತಾರೆ, ಹಾಗಾಗಿ ಒಂಟಿಯಾಗಿ ಹೋಗಲು ಮುಜುಗರ ಪಡಬೇಡಿ.

ಸಂಗೀತ ಇಷ್ಟ ಇದ್ದರೆ ಯುಗಾದಿ ಕಳೆದ ಮೇಲೆ ಬೆಂಗಳೂರಿನಷ್ಟು ಒಳ್ಳೆಯ ಊರು ಇನ್ನೊಂದಿಲ್ಲ. ಚಾಮರಾಜಪೇಟೆಯ ಕೋಟೆ ಹೈಸ್ಕೂಲು ಮೈದಾನದ ರಾಮನವಮಿ ಸಂಗೀತೋತ್ಸವ 1939ರಲ್ಲಿ ಶುರುವಾದದ್ದು, ದೇಶದ ದೊಡ್ಡ ದೊಡ್ಡ ಕಲಾವಿದರೆಲ್ಲ ಅಲ್ಲಿ ಹಾಡಿದ್ದಾರೆ. ಅದು ದೊಡ್ಡ ಚಪ್ಪರ. ಜನ ಸಿಗಬೇಕು ಅಂದರೆ ನಿಮ್ಮ ಬಡಾವಣೆಯದೇ ಸಣ್ಣ ರಾಮೋತ್ಸವ ಹುಡುಕಿ. ಪಾನಕದ ಕೊಳಗದ ಮುಂದೆ ಲೋಟ ಹಿಡಿದು ನಿಂತ ಸಾಲು ಇರುತ್ತದಲ್ಲ, ಅಲ್ಲಿ ಯಾರೂ ಅಪರಿಚಿತರಲ್ಲ. ಬೆಲ್ಲ ಸ್ವಲ್ಪ ಜಾಸ್ತಿ ಆಯ್ತು, ಮೆಣಸು ಕಮ್ಮಿ ಆಯ್ತು ಅಂತ ಯಾರೋ ಶುರು ಮಾಡಿರುತ್ತಾರೆ. ನೀವೂ ಸೇರಿಕೊಳ್ಳಿ.

ಇಷ್ಟೆಲ್ಲ ಹೇಳಿದರೂ, ಒಂದನ್ನೇ ಆರಿಸು ಅಂದರೆ ನಾನು ತಾಳಮದ್ದಳೆಯನ್ನೇ ಆರಿಸುತ್ತೇನೆ. ಅದರ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು.

ತಾಳಮದ್ದಳೆಗೆ ಮೊದಲ ಸಲ ಹೋಗುವವರಿಗೆ

ಕರಾವಳಿ, ಮಲೆನಾಡಿನವರಿಗೆ ಹೇಳಬೇಕಿಲ್ಲ. ಬೇರೆ ಕಡೆಯವರಿಗೆ: ಯಕ್ಷಗಾನದ ವೇಷ, ಕುಣಿತ ತೆಗೆದು ಹಾಡು ಮತ್ತು ಮಾತು ಉಳಿಸಿಕೊಂಡರೆ ತಾಳಮದ್ದಳೆ. ಭಾಗವತರು ಪ್ರಸಂಗದ, ಅಂದರೆ ಆ ದಿನ ಆರಿಸಿಕೊಂಡ ಕಥೆಯ, ಪದ್ಯ ಹಾಡುತ್ತಾರೆ, ಚೆಂಡೆ ಮದ್ದಳೆ ಜೊತೆಗಿರುತ್ತದೆ. ಬಿಳಿ ಪಂಚೆ, ಜುಬ್ಬಾ ತೊಟ್ಟ ನಾಲ್ಕೈದು ಜನ ಅರ್ಥಧಾರಿಗಳು ಕೂತಲ್ಲೇ ಕೂತು ಕೃಷ್ಣ, ಕೌರವ, ವಾಲಿ, ರಾಮ ಆಗಿ ಮಾತಾಡುತ್ತಾರೆ. ಮಾತು ಬರೆದಿಟ್ಟದ್ದಲ್ಲ. ಪದ್ಯ ಮಾತ್ರ ಗೊತ್ತಿರುತ್ತದೆ, ಎದುರಿನವರು ಏನು ಕೇಳುತ್ತಾರೋ ಅದಕ್ಕೆ ಆ ಕ್ಷಣದಲ್ಲೇ ಉತ್ತರ ಹುಟ್ಟಬೇಕು. ಮರದ ಮರೆಯಲ್ಲಿ ನಿಂತು ಬಾಣ ಬಿಟ್ಟದ್ದು ಯಾವ ಧರ್ಮ ಅಂತ ಬಿದ್ದ ವಾಲಿ ಕೇಳುತ್ತಾನೆ. ಆ ಪ್ರಶ್ನೆಯನ್ನು ಎಷ್ಟೋ ಸಲ ಕೇಳಿದವರೂ ಮುಂದಕ್ಕೆ ಬಾಗುತ್ತಾರೆ, ಇವತ್ತಿನ ರಾಮ ಏನು ಹೇಳುತ್ತಾನೆ ಅಂತ ಯಾರಿಗೂ ಗೊತ್ತಿಲ್ಲವಲ್ಲ.

ಮಳೆಗಾಲ ಇದರ ಕಾಲ. ಮೇ ತಿಂಗಳ ಕೊನೆಗೆ, ತುಳುನಾಡಿನಲ್ಲಿ ಪತ್ತನಾಜೆ ಅನ್ನುವ ದಿನಕ್ಕೆ, ಯಕ್ಷಗಾನ ಮೇಳಗಳು ತಿರುಗಾಟ ಮುಗಿಸಿ ಗೆಜ್ಜೆ ಬಿಚ್ಚುತ್ತವೆ. ಮತ್ತೆ ತಿರುಗಾಟ ಹೊರಡುವುದು ದೀಪಾವಳಿ ಹೊತ್ತಿಗೆ. ನಡುವಿನ ತಿಂಗಳುಗಳಲ್ಲಿ ಬಯಲಲ್ಲಿ ಆಟ ಆಡಲು ಆಗುವುದಿಲ್ಲ, ಆಗ ಸೂರಿನ ಕೆಳಗೆ ಕೂತು ತಾಳಮದ್ದಳೆ. ಬೆಂಗಳೂರಿನಲ್ಲೂ ದಕ್ಷಿಣ ಕನ್ನಡ, ಉಡುಪಿ, ಉತ್ತರ ಕನ್ನಡದವರ ಸಂಘಗಳು ಆ ಕಾಲದಲ್ಲೇ ಜಾಸ್ತಿ ಕೂಟ ಇಡುತ್ತವೆ. ನಿಮ್ಮ ಆಫೀಸಿನಲ್ಲಿ ಹೊನ್ನಾವರ, ಕುಂದಾಪುರ, ಪುತ್ತೂರು ಕಡೆಯವರು ಒಬ್ಬರಾದರೂ ಇದ್ದೇ ಇರುತ್ತಾರೆ. ಅವರನ್ನು ಕೇಳಿ. ಕೇಳಿದ್ದಕ್ಕೇ ಅವರ ಮುಖ ಅರಳುತ್ತದೆ, ಮಾರನೇ ದಿನ ಮೊಬೈಲಿಗೆ ಒಂದು ಆಮಂತ್ರಣ ಪತ್ರಿಕೆ ಬಂದು ಬಿದ್ದಿರುತ್ತದೆ.

ಹೋಗುವ ಮುಂಚೆ ಪ್ರಸಂಗದ ಹೆಸರು ತಿಳಿದುಕೊಳ್ಳಿ. ಕೃಷ್ಣ ಸಂಧಾನ, ಸುಧನ್ವ ಮೋಕ್ಷ, ಶರಸೇತು ಬಂಧನ, ಏನೇ ಇರಲಿ, ಕಥೆ ನಾಲ್ಕು ವಾಕ್ಯದಲ್ಲಿ ಗೊತ್ತಿದ್ದರೆ ಸಾಕು. ಅರ್ಧ ಗಂಟೆ ಮುಂಚೆ ಹೋಗಿ. ಆ ಹೊತ್ತಿಗೆ ಜಮಖಾನ ಹಾಸುತ್ತಿರುತ್ತಾರೆ, ಮೈಕಿನವನು ತಂತಿ ಎಳೆಯುತ್ತಿರುತ್ತಾನೆ, ಮದ್ದಳೆಗಾರರು ಭಾಗವತರ ಶ್ರುತಿಗೆ ಮದ್ದಳೆ ಹೊಂದಿಸುತ್ತಿರುತ್ತಾರೆ. ಎಡಗಡೆಗೆ ಒಂದು ತಟ್ಟು, ಬಲಗಡೆಗೆ ಒಂದು ತಟ್ಟು, ಕಿವಿ ಹತ್ತಿರ ತಂದು ಮತ್ತೊಂದು ತಟ್ಟು. ಹತ್ತಿರ ನಿಂತು ನೋಡಿ, ಯಾರೂ ಬೇಡ ಅನ್ನುವುದಿಲ್ಲ.

ಎಲ್ಲಿ ಕೂರುವುದು ಅನ್ನುವುದೂ ಮುಖ್ಯ. ಹಿಂದಿನ ಸಾಲಿನಲ್ಲಿ ಬಾಗಿಲ ಹತ್ತಿರ ಕೂತರೆ ಬೇಗ ಎದ್ದು ಹೋಗಲು ಮನಸ್ಸಾಗುತ್ತದೆ. ಮುಂದಿನ ಸಾಲು ಹಿರಿಯರದು. ಮೂರನೇ ನಾಲ್ಕನೇ ಸಾಲಿನ ತುದಿಯಲ್ಲಿ, ವಯಸ್ಸಾದವರೊಬ್ಬರ ಪಕ್ಕ ಕೂರಿ. ಎಲ್ಲ ಕೂಟದಲ್ಲೂ ಬಟ್ಟೆ ಚೀಲದಲ್ಲಿ ಪ್ರಸಂಗದ ಪುಸ್ತಕ ಹಿಡಿದು ಬರುವ ಒಬ್ಬರು ಇದ್ದೇ ಇರುತ್ತಾರೆ. ಭಾಗವತರು ಹಾಡುತ್ತಿದ್ದ ಹಾಗೆ ಸಾಲಿನ ಮೇಲೆ ಬೆರಳು ಓಡಿಸುತ್ತಾರೆ, ಒಂದು ಪದ್ಯ ಬಿಟ್ಟರೆ ಬೆರಳು ಅಲ್ಲೇ ನಿಲ್ಲುತ್ತದೆ, ತಲೆ ಎತ್ತಿ ಭಾಗವತರನ್ನು ನೋಡುತ್ತಾರೆ. ಅವರ ಪಕ್ಕ ಕೂತವರಿಗೆ ಕಥೆ ಅರ್ಥವಾಗದೇ ಉಳಿಯುವ ಪ್ರಶ್ನೆಯೇ ಇಲ್ಲ. ಕೇಳದಿದ್ದರೂ ಹೇಳುತ್ತಾರೆ, ಸ್ವಲ್ಪ ಜೋರಾಗಿಯೇ ಹೇಳುತ್ತಾರೆ.

ಫೋನ್ ಜೇಬಲ್ಲಿ ಇರಲಿ. ರೆಕಾರ್ಡ್ ಮಾಡುವುದು ಬೇಡ. ರೆಕಾರ್ಡ್ ಮಾಡುವವರು ಆಮೇಲೆ ನೋಡುತ್ತೇನೆ ಅಂದುಕೊಂಡು ಈಗ ನೋಡುವುದನ್ನು ಬಿಡುತ್ತಾರೆ. ಎಲ್ಲರೂ ನಕ್ಕಾಗ ನಗುವುದು, ಒಳ್ಳೆಯ ಮಾತಿಗೆ ಪಕ್ಕದವರ ಜೊತೆ ತಲೆದೂಗುವುದು, ಇದೇ ಪರಿಚಯದ ಮೊದಲ ಹೆಜ್ಜೆ. ಹೆಸರು ಗೊತ್ತಿಲ್ಲದಿದ್ದರೂ ಒಟ್ಟಿಗೆ ನಕ್ಕವರು ಆಮೇಲೆ ಅಪರಿಚಿತರ ಹಾಗೆ ಅನ್ನಿಸುವುದಿಲ್ಲ.

ಏನು ಮಾತಾಡುವುದು

ಇಲ್ಲಿ ತುಂಬಾ ಜನ ತಡವರಿಸುತ್ತಾರೆ. ಒಂದು ಸರಳ ದಾರಿ ಇದೆ. 'ಎಲ್ಲಿ ಕೆಲಸ, ಎಲ್ಲಿ ಮನೆ, ಸ್ವಂತದ್ದಾ ಬಾಡಿಗೆಯದಾ' ಇದ್ಯಾವುದನ್ನೂ ಕೇಳಬೇಡಿ. ಈಗಷ್ಟೇ ನೋಡಿದ್ದರ ಬಗ್ಗೆ ಕೇಳಿ. ಹಿರಿಯರಾದರೆ 'ಇದೇ ಪ್ರಸಂಗ ಮುಂಚೆ ಯಾರ ಬಾಯಲ್ಲಿ ಕೇಳಿದ್ದೀರಿ?' ಅಂತ ಕೇಳಿ ಸುಮ್ಮನಾಗಿ. ಅವರು ಹೆಸರಾದ ಅರ್ಥಧಾರಿ ಶೇಣಿ ಗೋಪಾಲಕೃಷ್ಣ ಭಟ್ಟರಿಂದ ಶುರು ಮಾಡುತ್ತಾರೆ, ಮುಗಿಸುವ ಹೊತ್ತಿಗೆ ಅವರ ಊರು, ಅವರ ಅಪ್ಪ, ರಾತ್ರಿ ಗದ್ದೆ ಅಂಚಿನಲ್ಲಿ ದೊಂದಿ ಹಿಡಿದು ಆಟಕ್ಕೆ ನಡೆದದ್ದು ಎಲ್ಲ ಬಂದಿರುತ್ತದೆ. ನಿಮ್ಮ ವಯಸ್ಸಿನವರಾದರೆ 'ನೀವು ಯಾರ ಪಕ್ಷ, ವಾಲಿಯದಾ ರಾಮನದಾ?' ಅಂತ ಕೇಳಿ. ನಾಟಕವಾದರೆ 'ಕೊನೆ ನಿಮಗೆ ಒಪ್ಪಿಗೆ ಆಯ್ತಾ?' ಅನ್ನಿ. ಸಂಗೀತವಾದರೆ ರಾಗದ ಹೆಸರು ಕೇಳಿ. ಗೊತ್ತಿಲ್ಲ ಅಂತ ಕೇಳುವವರನ್ನು ಯಾರೂ ಕೀಳಾಗಿ ಕಾಣುವುದಿಲ್ಲ.

ಹೆಸರು, ಫೋನ್ ನಂಬರು ಮೊದಲ ದಿನವೇ ಬೇಡ. 'ಮುಂದಿನ ಸಲ ಬರ್ತೀರಾ?' ಅಂತ ಕೇಳಿ. ಬರುತ್ತೇನೆ ಅಂದರೆ ಸಾಕು. ಮುಂದಿನ ಸಲ ನೀವೂ ಇರಬೇಕು, ಅಷ್ಟೇ.

ಒಂದು ಋತು ಪೂರ್ತಿ ಬಿಡದೆ ಹೋಗಿ

ಎರಡು ಸಲ ಹೋಗಿ 'ಯಾರೂ ಮಾತಾಡಿಸಲಿಲ್ಲ' ಅಂತ ಬಿಡುವವರು ಜಾಸ್ತಿ. ಕೂಟದ ಹಳಬರ ಕಡೆಯಿಂದ ನೋಡಿ. ಹೊಸಬರು ಬರುತ್ತಾರೆ, ಹೋಗುತ್ತಾರೆ. ನಾಲ್ಕನೇ ಐದನೇ ಸಲವೂ ಅದೇ ಜಾಗದಲ್ಲಿ ಕಂಡಾಗ ಮಾತ್ರ ಇವರು ನಮ್ಮವರು ಅಂತ ಅನ್ನಿಸುತ್ತದೆ. ಅದರಲ್ಲಿ ತಪ್ಪೇನಿಲ್ಲ. ಮಳೆಗಾಲದ ತಾಳಮದ್ದಳೆಯೋ, ಶ್ರಾವಣದ ಪುರಾಣ ವಾಚನವೋ, ಕಾರ್ತಿಕದ ಭಜನೆಯೋ, ಆ ಒಂದು ಋತು ಮುಗಿಯುವವರೆಗೆ ಮನಸ್ಸಿಲ್ಲದ ದಿನವೂ ಹೋಗಿ. ಮನಸ್ಸಿಲ್ಲದ ದಿನ ಹೋದದ್ದೇ ಲೆಕ್ಕಕ್ಕೆ ಬರುವುದು. ಸಾಧ್ಯವಾದರೆ ಅದೇ ಜಾಗದಲ್ಲಿ ಕೂರಿ, ಜನ ನಿಮ್ಮನ್ನು ಜಾಗದಿಂದ ಗುರುತಿಡುತ್ತಾರೆ. 'ಕಂಬದ ಹತ್ತಿರ ಕೂರುವ ಹುಡುಗಿ ಇವತ್ತು ಬಂದಿಲ್ಲವಲ್ಲ' ಅಂತ ಯಾರಾದರೂ ಅಂದರೆ ನಿಮಗೆ ಆ ಊರಲ್ಲಿ ಒಂದು ಜಾಗ ಆಯಿತು ಅಂತ ಅರ್ಥ.

ಕೈಗೆ ಒಂದು ಕೆಲಸ ತೆಗೆದುಕೊಳ್ಳಿ

ಬೇರೇನು ಮರೆತರೂ ಇದನ್ನು ಮರೆಯಬೇಡಿ. ಮುಗಿದ ತಕ್ಷಣ ಎದ್ದು ಹೋಗದೆ ಜಮಖಾನ ಮಡಿಸಲು ಕೈ ಕೊಡಿ. ಜಮಖಾನ ಒಬ್ಬರಿಂದ ಮಡಿಸಲು ಆಗುವುದಿಲ್ಲ. ಆ ತುದಿ ಒಬ್ಬರು, ಈ ತುದಿ ಒಬ್ಬರು ಹಿಡಿದು ಕೊಡವಿ, ಮಡಿಸಿ, ಎದುರು ಬದುರು ನಡೆದು ಬಂದು ತುದಿ ಕೂಡಿಸಬೇಕು. ಮೂರು ಸಲ ಹಾಗೆ ಎದುರು ಬಂದರೆ ಮಾತಾಡದೇ ಇರಲು ಸಾಧ್ಯವೇ ಇಲ್ಲ! ಕುರ್ಚಿ ಜೋಡಿಸುವುದು, ಕಾಫಿ ಫ್ಲಾಸ್ಕು ಎತ್ತಿಡುವುದು, ವಯಸ್ಸಾದವರಿಗೆ ಆಟೊ ಹಿಡಿದುಕೊಡುವುದು, ಕಲಾವಿದರನ್ನು ಮೆಜೆಸ್ಟಿಕ್ ಬಸ್ ನಿಲ್ದಾಣಕ್ಕೆ ಬಿಡುವುದು. ಸಂಘ ನಡೆಸುವವರು ಎಲ್ಲ ಕಡೆ ಮೂರೇ ಜನ, ಅವರಿಗೂ ವಯಸ್ಸಾಗಿದೆ. ಕಂಪ್ಯೂಟರ್ ಬಲ್ಲವರಾದರೆ ಆಮಂತ್ರಣ ಪತ್ರಿಕೆ ಮಾಡಿಕೊಡಿ, ಅಕ್ಷರ ತಪ್ಪು ನೋಡಿಕೊಡಿ.

ಕರಾವಳಿಯ ಏಕಾಹ ಭಜನೆ ನೋಡಿದವರಿಗೆ ನಾನು ಹೇಳುತ್ತಿರುವುದು ಥಟ್ಟನೆ ಅರ್ಥವಾಗುತ್ತದೆ. ಸೂರ್ಯೋದಯಕ್ಕೆ ದೀಪ ಹಚ್ಚಿ ಶುರುವಾದ ಭಜನೆ ಮರುದಿನ ಸೂರ್ಯೋದಯದವರೆಗೆ ನಿಲ್ಲುವ ಹಾಗಿಲ್ಲ. ಸಪ್ತಾಹ ಆದರೆ ಏಳು ದಿನ, ಏಳು ರಾತ್ರಿ. ಒಂದು ತಂಡ ಏಳುವ ಮುಂಚೆ ಇನ್ನೊಂದು ತಂಡ ಬಂದು ಕೂತು ತಾಳ ತೆಗೆದುಕೊಳ್ಳಬೇಕು. ಬೆಳಗಿನ ಜಾವ ಎರಡು ಮೂರು ಗಂಟೆಗೆ ಜನ ಕಮ್ಮಿ. ಆ ಹೊತ್ತಿಗೆ ಬಂದು ಕೂತವರ ಕಂಠ ಹೇಗಿದೆ ಅಂತ ಯಾರೂ ನೋಡುವುದಿಲ್ಲ, ಹಾಡಲು ಬಾರದವರೂ ತಾಳ ಹಿಡಿದು ಕೂತರೆ ಭಜನೆ ಮುಂದುವರಿಯುತ್ತದೆ. ನಿಮ್ಮ ಕೂಟದಲ್ಲೂ ಅಂಥ ಜನ ಸಾಲದ ಹೊತ್ತು ಯಾವುದು ಅಂತ ನೋಡಿ ಅದನ್ನೇ ವಹಿಸಿಕೊಳ್ಳಿ.

ಮನೆಯಲ್ಲೇ ಒಂದು ಕೂಟ ಇಡುವುದು

ಹತ್ತಿರದಲ್ಲಿ ಏನೂ ಇಲ್ಲ ಅನ್ನುವವರು, ಅದರಲ್ಲೂ ಸರ್ಜಾಪುರ, ಎಲೆಕ್ಟ್ರಾನಿಕ್ ಸಿಟಿ ಕಡೆಯ ಅಪಾರ್ಟ್‌ಮೆಂಟಿನವರು, ತಾವೇ ಶುರು ಮಾಡಬಹುದು. ಮೊದಲ ಕೂಟಕ್ಕೆ ನಾನು ಹೇಳುವುದು ಗಮಕ. ಖರ್ಚು ಕಮ್ಮಿ, ಜಾಗ ಕಮ್ಮಿ, ಗದ್ದಲ ಇಲ್ಲ. ಒಬ್ಬರು ಕಾವ್ಯ ವಾಚಿಸುತ್ತಾರೆ, ಇನ್ನೊಬ್ಬರು ಅರ್ಥ ಹೇಳುತ್ತಾರೆ, ಪಕ್ಕವಾದ್ಯವೂ ಬೇಡ. ಕುಮಾರವ್ಯಾಸನ ಭಾಮಿನಿ ಷಟ್ಪದಿ ಪುಸ್ತಕದಲ್ಲಿ ಓದಿದಾಗ ಕಬ್ಬಿಣದ ಕಡಲೆ ಅನ್ನಿಸಿದ್ದು, ಗಮಕಿಗಳ ಬಾಯಲ್ಲಿ ಕೇಳಿದಾಗ ಮಕ್ಕಳಿಗೂ ತಿಳಿಯುತ್ತದೆ. ಶಿವಮೊಗ್ಗದ ಹತ್ತಿರದ ಮತ್ತೂರು, ಹೊಸಹಳ್ಳಿ ಇದಕ್ಕೆ ಹೆಸರಾದ ಊರುಗಳು. ಹೊಸಹಳ್ಳಿಯ ಗಮಕಿ ಎಚ್.ಆರ್. ಕೇಶವಮೂರ್ತಿಯವರಿಗೆ 2022ರಲ್ಲಿ ಪದ್ಮಶ್ರೀ ಬಂತು. ಬೆಂಗಳೂರಲ್ಲೂ ಗಮಕಿಗಳು ತುಂಬಾ ಜನ ಇದ್ದಾರೆ, ನಿಮ್ಮ ಬಡಾವಣೆಯಲ್ಲೇ ಕಲಿಸುವವರು ಇರಬಹುದು.

ಒಂದು ತಿಂಗಳ ಮುಂಚೆ ಮಾತಾಡಿ ದಿನ ಗೊತ್ತುಮಾಡಿ. ಭಾನುವಾರ ಸಂಜೆ ನಾಲ್ಕೂವರೆಯಿಂದ ಆರೂವರೆ ಎಲ್ಲರಿಗೂ ಅನುಕೂಲ. ಮಕ್ಕಳ ಪರೀಕ್ಷೆ, ಕ್ರಿಕೆಟ್ ಫೈನಲ್ಲು ಇಲ್ಲದ ದಿನ ನೋಡಿ. ಸಂಭಾವನೆ ಎಷ್ಟು ಅಂತ ಕಲಾವಿದರನ್ನೇ ಮುಂಚೆ ಕೇಳಿ, ಸಂಕೋಚ ಬೇಡ. 'ಏನಾದರೂ ಕೊಡಿ' ಅಂದರೆ ಅದನ್ನೇ ಹಿಡಿದು ಕಮ್ಮಿ ಕೊಡಬೇಡಿ. ಹೋಗಿ ಬರುವ ವಾಹನದ ಖರ್ಚು ಬೇರೆಯೇ ಕೊಡಿ. ಅವರ ಕಲೆ ನಮ್ಮ ಸಂಜೆಯ ಹವ್ಯಾಸ ಇರಬಹುದು, ಅವರಿಗೆ ಅದು ಬದುಕು. ಮುಗಿದ ಮೇಲೆ ಫಲ ತಾಂಬೂಲದ ಜೊತೆ ಲಕೋಟೆಯಲ್ಲಿಟ್ಟು, ಎಲ್ಲರ ಮುಂದೆ, ಎರಡೂ ಕೈಯಲ್ಲಿ ಕೊಡಿ.

ಕರೆಯುವಾಗ ಗ್ರೂಪಿನಲ್ಲಿ ಪೋಸ್ಟರ್ ಹಾಕಿ ಬಿಡಬೇಡಿ. ಇಪ್ಪತ್ತು ಮನೆಯ ಬೆಲ್ ಒತ್ತಿ ಬಾಯಲ್ಲಿ ಕರೆಯಿರಿ. ಗ್ರೂಪಿನ ಪೋಸ್ಟರಿಗೆ ಕೈ ಮುಗಿದ ಚಿತ್ರ ಬರುತ್ತದೆ, ಜನ ಬರುವುದಿಲ್ಲ. ಬಾಗಿಲಿಗೆ ಬಂದು ಕರೆದರೆ ಬರುತ್ತಾರೆ. ಮನೆ ಕೆಲಸಕ್ಕೆ ಬರುವವರನ್ನು, ಗೇಟಿನ ಸೆಕ್ಯೂರಿಟಿಯವರನ್ನು ಕೂಡ ಕರೆಯಿರಿ. ಬರೀ ಕರೆದರೆ ಸಾಲದು, ಅವರಿಗೂ ಎಲ್ಲರ ಜೊತೆಗೇ ಕುರ್ಚಿ ಇರಲಿ. ಅವರಲ್ಲಿ ತತ್ವಪದ, ಸೋಬಾನೆ, ಗೀಗೀ ಪದ ಬಲ್ಲವರು ಇರುತ್ತಾರೆ, ಮುಂದಿನ ಕೂಟ ಅವರದೇ ಆಗಬಹುದು.

ನೆಲದ ಮೇಲೆ ಜಮಖಾನ, ಗೋಡೆ ಬದಿಗೆ ಮಂಡಿ ನೋವಿನವರಿಗೆ ಹತ್ತು ಕುರ್ಚಿ. ಮೂವತ್ತು ಜನಕ್ಕೆ ಮೈಕ್ ಬೇಡವೇ ಬೇಡ. ಕ್ಲಬ್ ಹೌಸಿನಲ್ಲಿ ಇಟ್ಟು ಧ್ವನಿವರ್ಧಕ ಹಾಕುವುದಾದರೆ ರಾತ್ರಿ ಹತ್ತರ ಮೇಲೆ ಹಾಕುವಂತಿಲ್ಲ ಅನ್ನುವುದು ನೆನಪಿರಲಿ. ತಿಂಡಿಗೆ ಅವಲಕ್ಕಿ, ಕೋಸಂಬರಿ, ಕಾಫಿ ಸಾಕು. ಊಟ ಇಟ್ಟರೆ ಮುಂದಿನ ಸಲ ನಡೆಸುವವರಿಗೆ ಭಾರ. ಕೂಟ ನಿಂತುಹೋಗುವುದು ಹೆಚ್ಚಾಗಿ ಈ ಕಾರಣಕ್ಕೇ, ಮೊದಲನೆಯವರು ಹೋಳಿಗೆ ಮಾಡಿಸುತ್ತಾರೆ, ಎರಡನೆಯವರು ಅದಕ್ಕಿಂತ ಜಾಸ್ತಿ ಮಾಡಬೇಕು ಅಂತ ಒದ್ದಾಡುತ್ತಾರೆ, ಮೂರನೆಯವರು ಸಿಗುವುದಿಲ್ಲ. ನೇರ ಪ್ರಸಾರ ಮಾಡಬೇಡಿ. ಮೊಬೈಲಿನಲ್ಲಿ ಸಿಗುತ್ತದೆ ಅಂದರೆ ಎರಡು ಮಹಡಿ ಮೇಲಿನವರೂ ಇಳಿದು ಬರುವುದಿಲ್ಲ.

ಮುಗಿಯುವ ಮುಂಚೆಯೇ ಮುಂದಿನ ಕೂಟದ ದಿನ ಮತ್ತು ಮನೆ ಗೊತ್ತಾಗಿಬಿಡಲಿ. ಎದ್ದು ಹೋದ ಮೇಲೆ ನೋಡೋಣ ಅಂದರೆ ಆಗುವುದಿಲ್ಲ.

ಕೆಲವು ತೊಡಕುಗಳು

ಎಲ್ಲ ಕೂಟವೂ ಎಲ್ಲರಿಗೂ ತೆರೆದಿರುವುದಿಲ್ಲ. ಇದನ್ನು ಮುಚ್ಚಿಡುವುದು ಸರಿಯಲ್ಲ. ಕೆಲವು ಕಡೆ ಊಟದ ಪಂಕ್ತಿಯಲ್ಲಿ, ಕೆಲವು ಕಡೆ ಬರೀ ಮಾತಿನಲ್ಲಿ, ನೀವು ಯಾವ ಜಾತಿ ಅನ್ನುವ ಪ್ರಶ್ನೆ ಸುತ್ತಿ ಬಳಸಿ ಬರುತ್ತದೆ. ಅಂಥ ಕಡೆ ಒಗ್ಗಿಕೊಳ್ಳಬೇಕಿಲ್ಲ. ಎದ್ದು ಬನ್ನಿ, ಬೇರೆ ಕೂಟ ಹುಡುಕಿ. ನೀವು ಹಳಬರಾಗಿದ್ದು ಹೊಸಬರಿಗೆ ಆ ಪ್ರಶ್ನೆ ಬಂದರೆ ಅಲ್ಲೇ ತಡೆಯಿರಿ, ಅದು ಹೊಸಬರ ಕೆಲಸ ಅಲ್ಲ, ನಿಮ್ಮದು.

ಹೆಣ್ಣುಮಕ್ಕಳಿಗೆ ರಾತ್ರಿ ವಾಪಸ್ ಬರುವುದೇ ದೊಡ್ಡ ಚಿಂತೆ. ಹೋಗುವ ಮುಂಚೆಯೇ ಮೆಟ್ರೊ ಕೊನೆಯ ರೈಲು ನೋಡಿಕೊಳ್ಳಿ. ಒಂದೇ ದಿಕ್ಕಿಗೆ ಹೋಗುವ ಇನ್ನೊಬ್ಬರು ಯಾರು ಅಂತ ಎರಡನೇ ಸಲವೇ ಕೇಳಿಟ್ಟುಕೊಳ್ಳಿ. ಕೂಟ ನಡೆಸುವವರು ಎಲ್ಲರೂ ಹೇಗೆ ಹೋಗುತ್ತಾರೆ ಅಂತ ಮೈಕಿನಲ್ಲೇ ಕೇಳುವುದು ಒಳ್ಳೆಯ ಅಭ್ಯಾಸ. ಇನ್ಶೂರೆನ್ಸು, ಚೀಟಿ ವ್ಯವಹಾರಕ್ಕೆ ಜನ ಹುಡುಕಿಕೊಂಡು ಬರುವವರೂ ಇರುತ್ತಾರೆ. ಕೂಟದ ಪರಿಚಯದಲ್ಲಿ ದುಡ್ಡಿನ ವ್ಯವಹಾರ ಬೇಡ ಅಂತ ಮೊದಲೇ ಹೇಳಿಬಿಟ್ಟರೆ ಎಲ್ಲರಿಗೂ ನೆಮ್ಮದಿ.

ಬೆಂಗಳೂರಿನಾಚೆ

ಧಾರವಾಡ, ಹುಬ್ಬಳ್ಳಿಯವರಿಗೆ ಸಂಗೀತದ ಬೈಠಕ್ ಹುಡುಕಿಕೊಂಡು ಹೋಗಬೇಕಿಲ್ಲ, ಮನೆ ಬಾಗಿಲಿಗೇ ಇರುತ್ತದೆ. 1890ರಲ್ಲಿ ಶುರುವಾದ ಕರ್ನಾಟಕ ವಿದ್ಯಾವರ್ಧಕ ಸಂಘದಲ್ಲಿ ಏನಾದರೊಂದು ಕಾರ್ಯಕ್ರಮ ನಡೆಯುತ್ತಲೇ ಇರುತ್ತದೆ. ವರ್ಷಕ್ಕೊಮ್ಮೆ ಕೆಲವು ದಿನ ಬಿಡುವು ಮಾಡಿಕೊಳ್ಳಬಲ್ಲವರು ಸಾಗರದ ಹತ್ತಿರದ ಹೆಗ್ಗೋಡಿಗೆ ಹೋಗಿ. 1949ರಲ್ಲಿ ಹುಟ್ಟಿದ, ಕೆ.ವಿ. ಸುಬ್ಬಣ್ಣನವರು ಬೆಳೆಸಿದ ನೀನಾಸಮ್‌ನ ಸಂಸ್ಕೃತಿ ಶಿಬಿರದಲ್ಲಿ ಹಗಲು ಮಾತು, ಸಂಜೆ ನಾಟಕ, ನಡುವೆ ಒಂದೇ ಸಾಲಿನಲ್ಲಿ ಕೂತು ಊಟ. ಅಲ್ಲಿ ಸಿಕ್ಕವರು ಆಮೇಲೆ ನಿಮ್ಮ ಊರಿನ ಕೂಟಕ್ಕೂ ಬರುತ್ತಾರೆ. ಮುಂಬೈಯಲ್ಲಿ ಇರುವವರಿಗೆ ಮಾಟುಂಗದ ಮೈಸೂರು ಅಸೋಸಿಯೇಷನ್ ಇದೆ, ಯಕ್ಷಗಾನಕ್ಕಂತೂ ಅಲ್ಲಿ ಕರಾವಳಿಯಷ್ಟೇ ಜನ ಸೇರುತ್ತಾರೆ. ಹೊರದೇಶದಲ್ಲಿ ಇರುವವರು ಕನ್ನಡ ಕೂಟದ ಯುಗಾದಿ, ರಾಜ್ಯೋತ್ಸವದ ದೊಡ್ಡ ಸಭೆಗೆ ಹೋದರೆ ಸಾಲದು. ಅಲ್ಲಿ ಸೀರೆ, ಊಟ, ಫೋಟೊ ಮುಗಿಯುವ ಹೊತ್ತಿಗೆ ಪಾರ್ಕಿಂಗ್ ಸಮಯ ಮುಗಿದಿರುತ್ತದೆ. ಆ ಸಭೆಯ ನಾಟಕಕ್ಕೆ ತಾಲೀಮು ಮಾಡುವ ಹತ್ತು ಜನರ ಗುಂಪಿಗೆ ಸೇರಿ, ಪಾತ್ರ ಸಿಗದಿದ್ದರೆ ಪರದೆ ಎಳೆಯಿರಿ. ಎರಡು ತಿಂಗಳ ಶನಿವಾರಗಳ ತಾಲೀಮಿನಲ್ಲೇ ಸ್ನೇಹ ಆಗುವುದು.

ಬರದಿದ್ದವರಿಗೆ ಫೋನ್ ಮಾಡಿ

ಕೂಟ ನಿಮ್ಮದಾದ ಮೇಲೆ ಒಂದು ಕೆಲಸ ಮಾತ್ರ ತಪ್ಪಿಸಬೇಡಿ. ಹತ್ತು ಹದಿನೈದು ಜನರ ಹೆಸರು, ನಂಬರು ಒಂದು ಕಾಗದದಲ್ಲಿ ಇರಲಿ. ಯಾರಾದರೂ ಸತತವಾಗಿ ಎರಡು ಸಲ ಬರಲಿಲ್ಲ ಅಂದರೆ ಅವರಿಗೆ ಫೋನ್ ಮಾಡಿ. ಮೆಸೇಜ್ ಬೇಡ, ಫೋನೇ ಮಾಡಿ. ಯಾಕೆ ಬರಲಿಲ್ಲ ಅಂತ ವಿಚಾರಣೆ ಮಾಡುವ ಹಾಗೆ ಇರಬಾರದು. 'ಹುಷಾರಾಗಿದ್ದೀರಾ? ಮೊನ್ನೆ ಕರ್ಣನ ಅರ್ಥ ಕೇಳುವಾಗ ನೀವು ಇರಬೇಕಿತ್ತು ಅನ್ನಿಸಿತು' ಅಂದರೆ ಸಾಕು. ಒಬ್ಬರೇ ಇರುವ ಹಿರಿಯರಾದರೆ ಮುಂದಿನ ಸಲ ಕರೆದುಕೊಂಡು ಹೋಗಲು ಬರಲಾ ಅಂತ ಕೇಳಿ. ಬನ್ನಿ ಅಂದರೆ, ಶುರುವಾಗುವುದಕ್ಕೆ ಒಂದು ಗಂಟೆ ಮುಂಚೆಯೇ ಅವರ ಮನೆ ಹತ್ತಿರ ಹೋಗಿ. ಚಪ್ಪಲಿ ಹುಡುಕಲು, ಬೀಗ ಹಾಕಲು, ಹಾಕಿದ ಬೀಗ ಮತ್ತೊಮ್ಮೆ ಎಳೆದು ನೋಡಲು ಅವರಿಗೆ ಸಮಯ ಬೇಕು.